ನಿನ್ನೆಯಂತೆಯೇ ಎಂಬ ಹಸಿರು ಬಟನ್

ಸೆಲ್ಲಿ ಓಕ್, ಬರ್ಮಿಂಗ್‌ಹ್ಯಾಮ್
ಮಂಗಳವಾರ, ೧೮ ನವೆಂಬರ್ ೨೦೨೫

ಪ್ರೀತಿಯ ಅನ್ವಿತಾ,

ಅಜ್ಜಿಯ ಆಶೀರ್ವಾದ. ನಾವಿಬ್ಬರೂ ಇಲ್ಲಿ ಕ್ಷೇಮ. ನೀನು ಹೇಗಿದ್ದೀಯ? ಲೀಡ್ಸ್‌ನಲ್ಲಿ ನಮಗಿಂತ ಚಳಿ ಹೆಚ್ಚು ಎಂದು ರೇಡಿಯೊದಲ್ಲಿ ಹೇಳಿದರು. ಹೀಟರ್ ಹಾಕಿಕೊಳ್ಳುವುದರಲ್ಲಿ ಜಿಪುಣತನ ಮಾಡಬೇಡ. ತಲೆಗೆ ಎಣ್ಣೆ ಹಚ್ಚುತ್ತೀಯೋ ಇಲ್ಲವೋ ಎಂದು ಕೇಳುವುದಿಲ್ಲ, ಹಚ್ಚುವುದಿಲ್ಲವೆಂದು ಗೊತ್ತು. ಬೆಳಿಗ್ಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಮನೆ ಬಿಡು. ಹೋದ ತಿಂಗಳು ಆಸ್ಪತ್ರೆಯಲ್ಲಿ ನೋಡಿದಾಗ ನಿನ್ನ ಕೆನ್ನೆ ಒಳಗೆ ಹೋಗಿತ್ತು. ಮೂವತ್ತು ತುಂಬದ ಹುಡುಗಿಯ ಮುಖ ಹಾಗಿರಬಾರದು.

ಈ ಕಾಗದವನ್ನು ನಿಧಾನವಾಗಿ ಓದು. ಪ್ರತಿ ಭಾನುವಾರ ಅಡುಗೆಮನೆಯ ಟೇಬಲ್ಲಿನ ಮೇಲೆ ನಿನಗೆ ಅಕ್ಷರ ತಿದ್ದಿಸಿದವಳು ನಾನು. ಒತ್ತಕ್ಷರ ಬಂದಲ್ಲಿ ನೀನು ಇವತ್ತಿಗೂ ಎಡವುತ್ತೀಯೆಂದು ಗೊತ್ತು, ಅದಕ್ಕೇ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದಿದ್ದೇನೆ. ಫೋನಿನಲ್ಲಿ ಫೋಟೋ ತೆಗೆದು ಅದರ ಕೈಲಿ ಇಂಗ್ಲಿಷ್ ಮಾಡಿಸಬೇಡ. ನಿನ್ನ ಅಜ್ಜಿ ಬರೆದದ್ದನ್ನು ನೀನೇ ಓದಬೇಕು. ನೀನು ಫೋನ್ ಎತ್ತಿದ್ದರೆ ಕಾಗದ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಐದು ಸಲ ಮಾಡಿದೆ. ಐದು ಸಲವೂ ಎರಡು ನಿಮಿಷ ಬಿಟ್ಟು ‘ಬ್ಯುಸಿ ಅಜ್ಜಿ, ಲವ್ ಯೂ’ ಎಂದು ಮೆಸೇಜ್ ಬಂತು. ಎರಡು ನಿಮಿಷ ಫೋನನ್ನೇ ನೋಡುತ್ತ ಕೂತಿದ್ದವಳು ಬ್ಯುಸಿ ಹೇಗಾಗುತ್ತಾಳೆ? ತಾತ ಆಸ್ಪತ್ರೆಯಿಂದ ಮನೆಗೆ ಬಂದು ಇಪ್ಪತ್ತಾರು ದಿನವಾಯಿತು. ನೀನು ಒಂದು ದಿನವೂ ಬರಲಿಲ್ಲ.

ತಾತ ಚೆನ್ನಾಗಿದ್ದಾರೆ. ಅವರ ಮಂಚವನ್ನು ಮಹಡಿಯಿಂದ ಇಳಿಸಿ ಮುಂದಿನ ರೂಮಿನಲ್ಲಿ ಹಾಕಿದ್ದೇವೆ. ನಿನ್ನ ಅಪ್ಪ ಲೆಸ್ಟರ್‌ನಿಂದ ಬಂದು ಅದನ್ನು ಬಿಚ್ಚಿ, ಜೋಡಿಸಿ, ಎರಡು ಸ್ಕ್ರೂ ಮಿಗಿಸಿ ಹೋದ. ಮಿಕ್ಕ ಸ್ಕ್ರೂ ಎಲ್ಲಿಯದೋ ಎಂದು ಕೇಳಿದರೆ ‘ಎಕ್ಸ್‌ಟ್ರಾ ಕೊಟ್ಟಿರ್ತಾರಮ್ಮ’ ಅಂದ. ಮೂವತ್ತು ವರ್ಷದ ಹಳೆಯ ಮಂಚಕ್ಕೆ ಎಕ್ಸ್‌ಟ್ರಾ ಎಲ್ಲಿಂದ ಬಂತೋ. ತಾತ ಕಿಟಕಿಯ ಪಕ್ಕ ಕೂತು, ಎದುರು ಮನೆಯ ಸ್ಟೂಡೆಂಟ್‌ಗಳು ಯಾವ ವಾರ ಯಾವ ಕಸದ ಬಿನ್ ಹೊರಗಿಡಬೇಕೆಂದು ತಿಳಿಯದೆ ಒದ್ದಾಡುವುದನ್ನು ನೋಡುತ್ತಾರೆ. ‘ಇವರಿಗೆ ಯೂನಿವರ್ಸಿಟಿಯಲ್ಲಿ ಸೀಟು ಕೊಟ್ಟವರು ಯಾರೇ’ ಎಂದು ನಗುತ್ತಾರೆ. ನಕ್ಕಮೇಲೆ ಕುರ್ಚಿಯ ಕೈ ಹಿಡಿದುಕೊಳ್ಳುತ್ತಾರೆ. ನಿನ್ನನ್ನು ದಿನಾ ಕೇಳುತ್ತಾರೆ. ‘ಮಗು ಯಾವಾಗ ಬರುತ್ತೆ’ ಅಂದರೆ, ಕೆಲಸ ಜಾಸ್ತಿಯಂತೆ ಎಂದು ನಿನ್ನ ಪರವಾಗಿ ನಾನು ಹೇಳುತ್ತಿದ್ದೇನೆ.

ಮೊನ್ನೆ ಕನ್ನಡ ಸಂಘದ ಅಹಲ್ಯಾ ಬಂದಿದ್ದಳು, ಗಂಡ ಚಂದ್ರಪ್ಪನವರನ್ನೂ ಕರೆದುಕೊಂಡು. ಅವಳ ಯಜಮಾನರಿಗೂ ತಾತನ ಹಾಗೆಯೇ ಹೃದಯಕ್ಕೆ ಶಕ್ತಿ ಕಡಿಮೆ, ಮೈಯಲ್ಲಿ ನೀರು ನಿಲ್ಲುತ್ತದೆ. ಅವರಿಗೂ ಕ್ಲಿನಿಕ್‌ನಲ್ಲಿ ನಿನ್ನ ಆ್ಯಪ್ ಅನ್ನೇ ಕೊಟ್ಟಿದ್ದಾರೆ. ಬೆಳಿಗ್ಗೆ ನಾಲ್ಕು ಪ್ರಶ್ನೆ: ನಿನ್ನೆಗಿಂತ ಉಸಿರು ಕಟ್ಟುತ್ತದೆಯೇ, ಪಾದ ಊದಿದೆಯೇ, ನಿದ್ದೆ ಸರಿಯಾಗಿ ಬಂತೇ, ಒಟ್ಟಿನಲ್ಲಿ ಹೇಗಿದ್ದೀರಿ. ಉತ್ತರ ಕ್ಲಿನಿಕ್‌ನ ನರ್ಸ್‌ಗೆ ಹೋಗುತ್ತದೆ. ಹಸಿರಾದರೆ ಸುಮ್ಮನಿರುತ್ತಾಳೆ, ಹಳದಿಯಾದರೆ ಫೋನ್ ಮಾಡುತ್ತಾಳೆ, ಕೆಂಪಾದರೆ ಮನೆಗೇ ಬರುತ್ತಾಳೆ. ನೀನೇ ಮಾಡಿದ್ದನ್ನು ನಿನಗೇ ವಿವರಿಸುತ್ತಿದ್ದೇನೆ, ವಯಸ್ಸಾಯಿತು ನೋಡು. ಅಹಲ್ಯಾ ವಾರಕ್ಕೆ ಮೂರು ದಿನ ಹಳದಿಯಂತೆ. ‘ನರ್ಸ್ ಈಗ ನಮ್ಮ ನೆಂಟರ ಹಾಗೆ ಆಗಿಬಿಟ್ಟಿದ್ದಾಳೆ ಭಾಗೀರಥಮ್ಮ’ ಎಂದು ಹೆಮ್ಮೆಯಿಂದ ಹೇಳಿದಳು. ಅಹಲ್ಯಾ ಬಸ್ ಡ್ರೈವರ್‌ಗೂ ತನ್ನ ಮಂಡಿನೋವು ಹೇಳಿ ಇಳಿಯುವ ಹೆಂಗಸು. ನಲವತ್ತು ವರ್ಷ ನಾನು ಅದನ್ನು ಆಡಿಕೊಂಡಿದ್ದೇನೆ. ಚಂದ್ರಪ್ಪನವರು ನಮ್ಮ ಸೋಫಾದಿಂದ ಕೈ ಊರದೆ ಎದ್ದು, ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ತಾತ ಅವರನ್ನು ನೋಡುತ್ತಿದ್ದ ರೀತಿ ನನಗೆ ಸಹಿಸಲಾಗಲಿಲ್ಲ, ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರ ನಿನ್ನ ಅಪ್ಪ ಅಶ್ವಿನ್ ಮತ್ತೆ ಬಂದಿದ್ದ, ಮುಖ ಸಣ್ಣದು ಮಾಡಿಕೊಂಡು. ಕೆದಕಿದ ಮೇಲೆ ಹೇಳಿದ. ತಾತನಿಗೆ ಹೀಗಾಗಿದ್ದು ನಿನ್ನ ಆ್ಯಪ್‌ನ ಹಸಿರು ಬಟನ್‌ನಿಂದ, ಅದನ್ನು ಮಾಡಿದ್ದು ನೀನು, ಆದ್ದರಿಂದ ತಪ್ಪೆಲ್ಲ ನಿನ್ನದು ಎಂದು ನೀನು ಕಂಪನಿಗೆ ಬರೆದು ಕೊಟ್ಟಿದ್ದೀಯಂತೆ. ಬರುವ ಸೋಮವಾರ ಸಭೆಯಂತೆ. ಅಲ್ಲಿ ಅದನ್ನು ಎಲ್ಲರ ಎದುರು ಓದಿ ಕೆಲಸ ಬಿಡುತ್ತೀಯಂತೆ. ಬೇರೆ ಕಡೆಯೂ ಈ ಕೆಲಸ ಮಾಡುವುದಿಲ್ಲ, ಯಾವುದಾದರೂ ಅಂಗಡಿಯಲ್ಲಿ ನಿಲ್ಲುತ್ತೇನೆ ಎಂದೆಯಂತೆ. ಶ್ರೀಲಕ್ಷ್ಮಿ ಎರಡು ದಿನದಿಂದ ಅಳುತ್ತಿದ್ದಾಳೆ. ನಿನ್ನ ಅಮ್ಮ ಅಳುವುದು ಹೊಸದೇನಲ್ಲ, ಈರುಳ್ಳಿ ಇಲ್ಲದೆಯೂ ಅಳುತ್ತಾಳೆ. ಆದರೆ ಅಶ್ವಿನ್ ಮಾತಿನ ಮಧ್ಯೆ ಎದ್ದು ಹಿತ್ತಲಿಗೆ ಹೋಗಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಅನ್ವಿತಾ, ಅಂಗಡಿಯಲ್ಲಿ ನಿಲ್ಲುವುದು ಕೀಳೆಂದು ನಾನು ಹೇಳುವುದಿಲ್ಲ. ಹತ್ತೊಂಬತ್ತು ವರ್ಷ ಫ್ಯಾಕ್ಟರಿಯಲ್ಲಿ ನಿಂತವಳು ನಾನು. ಆದರೆ ಮಾಡದ ತಪ್ಪಿಗೆ ತಲೆ ತಗ್ಗಿಸಿ ನಿಲ್ಲುವುದಿದೆಯಲ್ಲ, ಅದಕ್ಕೆ ಈ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ.

ಎರಡು ವರ್ಷದ ಹಿಂದೆ ನೀನು ನನ್ನನ್ನು ಲೀಡ್ಸ್‌ಗೆ ಕರೆಸಿಕೊಂಡಿದ್ದು ನೆನಪಿದೆಯೇ? ನ್ಯೂ ಸ್ಟ್ರೀಟ್ ಸ್ಟೇಷನ್ನಿಂದ ಚಪಾತಿ ಕಟ್ಟಿಕೊಂಡು ಒಬ್ಬಳೇ ರೈಲಿನಲ್ಲಿ ಬಂದೆ. ನಿಮ್ಮ ಆಫೀಸಿನ ಗಾಜಿನ ಕೋಣೆಯಲ್ಲಿ ನನ್ನನ್ನು ಕೂರಿಸಿ, ನನ್ನ ಬೆರಳಿನ ಮೇಲೆ ಕ್ಯಾಮೆರಾ ಇಟ್ಟು, ‘ಅಜ್ಜಿ, ಇದನ್ನ ಉಪಯೋಗಿಸ್ತಾ ಮನಸ್ಸಿಗೆ ಬಂದಿದ್ದನ್ನೆಲ್ಲ ಬಾಯಿಬಿಟ್ಟು ಹೇಳಿ, ನಮಗೆ ಬೇಜಾರಾಗಲ್ಲ’ ಎಂದೆ. ಬೇಜಾರಾಗುವುದಿಲ್ಲ ಎಂದ ಮೇಲೆ ನನಗೇನು? ಹೇಳಿದೆ. ಅಕ್ಷರ ಬೂದಿಯ ಬಣ್ಣದಲ್ಲಿದೆ, ಮಂಜಿನಲ್ಲಿ ಬರೆದ ಹಾಗೆ. ಕಪ್ಪು ಬಣ್ಣಕ್ಕೇನು ಬರಗಾಲ ಬಂದಿದೆಯೇ ಎಂದೆ. ಬಟನ್‌ಗಳು ಒಂದಕ್ಕೊಂದು ಅಂಟಿಕೊಂಡಿವೆ, ಒಂದನ್ನು ಮುಟ್ಟಿದರೆ ಪಕ್ಕದ್ದು ಓಗೊಡುತ್ತದೆ ಎಂದೆ. ಒಂದು ಪುಟ ಮುಂದೆ ಹೋದರೆ ಹಿಂದಕ್ಕೆ ಬರುವ ದಾರಿಯೇ ಕಾಣುವುದಿಲ್ಲ, ಇದೇನು ಮದುವೆಯೇ ಎಂದೆ. ಹುಟ್ಟಿದ ತಾರೀಕು ತಪ್ಪಾಗಿ ಹಾಕಿದ್ದಕ್ಕೆ ಕೆಂಪಕ್ಷರದಲ್ಲಿ ಬೈಯಿತು, ಏನು ತಪ್ಪೆಂದು ಮಾತ್ರ ಹೇಳಲಿಲ್ಲ. ನಮ್ಮ ಮೈಸೂರಿನ ಸ್ಕೂಲಿನ ಗಣಿತದ ಮೇಷ್ಟರು ಹಾಗೇ ಇದ್ದರು ಎಂದೆ. ಬೆಂಗಳೂರಿನ ಆ ಹುಡುಗ ಮಯೂರ್ ನಗು ತಡೆಯಲಾರದೆ ಹೊರಗೆ ಹೋದ. ನೀನು ಎಲ್ಲವನ್ನೂ ಹಳದಿ ಚೀಟಿಯ ಮೇಲೆ ಬರೆದು ಗಾಜಿಗೆ ಅಂಟಿಸಿದೆ. ಸಂಜೆ ಹೊತ್ತಿಗೆ ಆ ಗೋಡೆ ತುಂಬ ನನ್ನ ಮಾತು. ಅಷ್ಟು ಗೌರವವನ್ನು ನನಗೆ ನನ್ನ ಮದುವೆಯಲ್ಲೂ ಯಾರೂ ಕೊಟ್ಟಿರಲಿಲ್ಲ.

ಮೊದಲಿದ್ದ ಐದು ಮುಖಗಳನ್ನು ತೆಗೆಸಿದ್ದೂ ನಾನೇ. ಉತ್ತರಕ್ಕೆಂದು ನೀನು ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ಇಟ್ಟಿದ್ದೆ. ಬೆಳಿಗ್ಗೆ ಎದ್ದು ಯಾರ ಮುಖ ನೋಡಿದೆ ಎಂದು ಕೇಳುವ ಜನ ನಾವು. ದೇವರಿಗೆ ದೀಪ ಹಚ್ಚಿದ ಕೈಯಿಂದ ಅಳುವ ಮುಖ ಮುಟ್ಟು ಎಂದರೆ ಯಾವ ಮನೆಯ ಹೆಂಗಸಿಗೆ ಬೆರಳು ಏಳುತ್ತದೆ ಎಂದೆ. ನೀನು ಬಹಳ ಹೊತ್ತು ಯೋಚಿಸಿ, ಮುಖ ತೆಗೆದು ಮಾತು ಹಾಕಿದೆ.

ಇದೆಲ್ಲ ನನಗೆ ಹೇಗೆ ತಿಳಿಯುತ್ತದೆಂದು ನಿನ್ನ ಜೊತೆಯವರಿಗೆ ಆಶ್ಚರ್ಯ. ನಿನಗೆ ಗೊತ್ತು. ಎಸ್‌ಎಸ್‌ಎಲ್‌ಸಿ ಪಾಸಾದವಳು, ಈ ದೇಶಕ್ಕೆ ಬಂದ ಎರಡನೇ ವರ್ಷ ಬೀಗದ ಫ್ಯಾಕ್ಟರಿಗೆ ಸೇರಿದೆ, ಎರಡು ಬಸ್ ಬದಲಾಯಿಸಿ ಹೋಗುತ್ತಿದ್ದೆ. ಕೊನೆಯ ಬೆಂಚಿನಲ್ಲಿ ಪರೀಕ್ಷೆ ಮಾಡುವ ಕೆಲಸ. ಮೇಲಿನವಳು ಡೋರೀನ್ ಮೊದಲ ದಿನವೇ ಹೇಳಿದಳು, ಕಣ್ಣು ಮುಚ್ಚಿಕೊಂಡು ಕೀಲಿ ಹಾಕು ಎಂದು. ಮಳೆಯಲ್ಲಿ, ಕೈಯಲ್ಲಿ ಸಾಮಾನು ಹಿಡಿದುಕೊಂಡು, ಕತ್ತಲಲ್ಲಿ ಬಾಗಿಲು ತೆಗೆಯುವವಳು ಬೀಗವನ್ನು ನೋಡುವುದಿಲ್ಲ, ಕೈಗೆ ತಿಳಿಯಬೇಕು. ಒಂದೊಂದು ಬೀಗಕ್ಕೂ ಹತ್ತು ಸಲ ಕೀಲಿ ತಿರುಗಿಸುತ್ತಿದ್ದೆ. ಒಂಬತ್ತು ಸಲ ಸರಿಯಾಗಿ ತಿರುಗಿ ಹತ್ತನೆಯದರಲ್ಲಿ ಹಿಡಿದರೂ ವಾಪಸ್. ಹತ್ತೊಂಬತ್ತು ವರ್ಷದಲ್ಲಿ ನಾನು ಪಾಸ್ ಮಾಡಿದ ಒಂದು ಬೀಗವೂ ದೂರಿನ ಮೇಲೆ ಹಿಂದಕ್ಕೆ ಬರಲಿಲ್ಲ. ಇದನ್ನು ನಾನು ಹೇಳಿಕೊಳ್ಳುವುದಿಲ್ಲ, ಆದರೆ ಮರೆತೂ ಇಲ್ಲ.

ಆ ದಿನ ನಿನ್ನ ಮಾತೊಂದು ನನ್ನ ಮನಸ್ಸಿನಲ್ಲಿ ಉಳಿದಿದೆ. ನಾನು ಯಾವುದೋ ಬಟನ್ ತಪ್ಪಾಗಿ ಒತ್ತಿ ‘ಅಯ್ಯೋ ನನ್ನ ದಡ್ಡತನ’ ಎಂದಾಗ ನೀನು, ‘ಇಲ್ಲ ಅಜ್ಜಿ, ತಪ್ಪು ಮಾಡಿದವರ ತಪ್ಪಲ್ಲ, ತಪ್ಪು ಮಾಡಲು ಬಿಟ್ಟ ಪರದೆಯ ತಪ್ಪು. ನಮ್ಮ ಕೆಲಸದಲ್ಲಿ ಇದೇ ಮೊದಲ ಪಾಠ’ ಎಂದೆ. ದೊಡ್ಡ ಮಾತು. ಬೀಗಕ್ಕೂ ಅದೇ ಮಾತು ಸಲ್ಲುತ್ತದೆ. ಆದರೆ ಮಗಳೇ, ಬೀಗ ಸರಿಯಾಗಿಯೇ ಇದ್ದು, ಮನೆಯವಳೇ ಬಾಗಿಲು ತೆರೆದಿಟ್ಟು ಮಲಗಿದರೆ ಆ ಪಾಠ ಏನು ಹೇಳುತ್ತದೆ?

ಹಸಿರು ಬಟನ್ ವಿಷಯಕ್ಕೆ ಬಂದರೆ, ಅದನ್ನು ಕೇಳಿದ್ದೂ ನಾನೇ. ದಿನಾ ಮಗ್ಗಿ ಒಪ್ಪಿಸುವ ಹಾಗೆ ಅದೇ ನಾಲ್ಕು ಪ್ರಶ್ನೆ ಯಾಕೆ, ಏನೂ ಬದಲಾಗದಿದ್ದರೆ ಒಂದೇ ಏಟಿಗೆ ‘ನಿನ್ನೆಯಂತೆಯೇ’ ಎಂದು ಹೇಳುವ ಒಂದು ಬಟನ್ ಇಡು ಎಂದೆ. ನೀನು ಒಪ್ಪಲಿಲ್ಲ. ‘ಅದನ್ನ ಇಟ್ಟರೆ ಜನ ಓದದೇ ಅದನ್ನೇ ಒತ್ತುತ್ತಾರೆ ಅಜ್ಜಿ’ ಎಂದೆ. ನಾನು ಬಿಡಲಿಲ್ಲ. ಮೂರು ತಿಂಗಳು ಫೋನ್ ಮಾಡಿದಾಗಲೆಲ್ಲ ಅದನ್ನೇ ಹೇಳಿದೆ. ಕೊನೆಗೆ ಮೊದಲ ಪುಟದಲ್ಲೇ, ಹೆಬ್ಬೆಟ್ಟಿನಷ್ಟು ಅಗಲದ ಹಸಿರು ಬಟನ್ ಬಂತು. ಬೇರೆ ಯಾರಾದರೂ ಕೇಳಿದ್ದರೆ ನೀನು ಇಡುತ್ತಿರಲಿಲ್ಲ. ಇದನ್ನು ನಿನ್ನ ಕಾಗದದಲ್ಲಿ ಬರೆದಿದ್ದೀಯೋ ಇಲ್ಲವೋ? ಬರೆದಿರುವುದಿಲ್ಲ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ಈ ಸಲದ ನವರಾತ್ರಿ ಬೊಂಬೆಯ ಫೋಟೋ ನಿನ್ನ ಹತ್ತಿರ ಇದೆಯಲ್ಲ, ಎರಡು ಕಾಪಿ ಮಾಡಿಸಿ ಕಳಿಸು. ನಲವತ್ತೊಂದನೇ ವರ್ಷ ಕೂರಿಸಿದ್ದು. ಹಬ್ಬಕ್ಕೆ ಎರಡು ದಿನ ಮುಂಚೆ, ಶನಿವಾರ, ತಾತ ಯಾವಾಗಿನಂತೆ ಅಟ್ಟದಿಂದ ಪಟ್ಟದ ಬೊಂಬೆಗಳ ಪೆಟ್ಟಿಗೆ ಇಳಿಸಿದರು. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ, ನಿನಗೆ ಗೊತ್ತಲ್ಲ. ಮೆಟ್ಟಿಲು ಇಳಿಯುತ್ತ ಮೇಲಿನಿಂದ ಏಳನೇ ಮೆಟ್ಟಿಲಿನಲ್ಲಿ ಕೂತುಬಿಟ್ಟರು, ಪೆಟ್ಟಿಗೆ ತೊಡೆಯ ಮೇಲೆ. ಏನಾಯಿತು ಎಂದರೆ, ‘ನನಗೇನೂ ಇಲ್ಲ ಕಣೇ, ರಾಜನಿಗೆ ಸುಸ್ತಾಗಿದೆಯಂತೆ, ಸ್ವಲ್ಪ ಕೂರೋಣ ಅಂತಿದ್ದಾನೆ’ ಎಂದರು. ಇಬ್ಬರೂ ನಕ್ಕೆವು. ಹತ್ತು ನಿಮಿಷ ಕೂತಿದ್ದರು. ಒಂಬತ್ತು ದಿನವೂ ಮನೆ ತುಂಬ ಜನ, ವುಲ್ವರ್‌ಹ್ಯಾಂಪ್ಟನ್ನಿಂದೆಲ್ಲ ಬಂದಿದ್ದರು. ಭಾಗೀರಥಮ್ಮನ ಮನೆಯ ಬೊಂಬೆ ನೋಡಿದರೆ ಮೈಸೂರು ನೋಡಿದ ಹಾಗೆ ಎಂದು ಎಲ್ಲರೂ ಹೇಳಿದರು. ತಾತ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತೇ ಎಲ್ಲರಿಗೂ ನಮಸ್ಕಾರ ಮಾಡಿದರು. ಪಂಚೆ ಕಾಲು ಮುಚ್ಚುತ್ತದೆ.

ಆಮೇಲಿನದು ನಿನಗೇ ಗೊತ್ತು. ಅಕ್ಟೋಬರ್ ಹನ್ನೆರಡು, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ತಿಂಡಿ ತಟ್ಟೆಯ ಮುಂದೆ ಅವರ ತುಟಿ ನೀಲಿಯಾಯಿತು, ಮಾತು ಹೊರಡಲಿಲ್ಲ. ಆ್ಯಂಬುಲೆನ್ಸ್‌ನಲ್ಲಿ ಎಜ್‌ಬಾಸ್ಟನ್ನಿನ ಆಸ್ಪತ್ರೆಗೆ ಹೋದೆವು. ಶ್ವಾಸಕೋಶದಲ್ಲಿ ನೀರು ತುಂಬಿದೆ, ಕಿಡ್ನಿಗೂ ಪೆಟ್ಟು ಬಿದ್ದಿದೆ ಎಂದರು. ಆ ಚಿಕ್ಕ ವಯಸ್ಸಿನ ಡಾಕ್ಟರ್ ಹೇಳಿದ್ದು ನಿನ್ನ ಎದುರಿಗೇ: ಎರಡು ವಾರದ ಮುಂಚೆ ತಿಳಿದಿದ್ದರೆ, ನೀರು ಇಳಿಸುವ ಮಾತ್ರೆ ಒಂದು ಹೆಚ್ಚು ಮಾಡಿದರೇ ಬಹುಶಃ ಸಾಕಾಗುತ್ತಿತ್ತು ಎಂದು. ನೀನು ಕಾರಿಡಾರ್‌ನಲ್ಲಿ ನನ್ನ ಫೋನ್ ತೆಗೆದುಕೊಂಡು ಹಿಂದಿನ ದಿನಗಳನ್ನು ತೆರೆದೆ. ಇಪ್ಪತ್ತಮೂರು ದಿನ, ಇಪ್ಪತ್ತಮೂರು ಹಸಿರು. ಒಂದೂ ಹಳದಿ ಇಲ್ಲ. ನಿನ್ನ ಮುಖದಲ್ಲಿ ರಕ್ತವೇ ಇರಲಿಲ್ಲ. ‘ಅಜ್ಜಿ, ನೀವು ಆ ದೊಡ್ಡ ಬಟನ್ ಒತ್ತುತ್ತಾ ಇದ್ರಿ, ಅಲ್ವಾ?’ ಎಂದೆ. ನಾನು ತಲೆಯಾಡಿಸಿದೆ. ‘ಇಟ್ಸ್ ಮೈ ಡಿಸೈನ್ ಅಜ್ಜಿ, ನನ್ನದೇ’ ಎಂದು ನನ್ನ ಸೆರಗಿನಲ್ಲಿ ಮುಖ ಇಟ್ಟು ಅತ್ತೆ. ನಾನು ನಿನ್ನ ತಲೆ ಸವರಿದೆ. ಅದರ ವಿಷಯ ಮುಂದೆ ಬರೆಯುತ್ತೇನೆ.

ಒಟ್ಟಿನಲ್ಲಿ ನಾನು ಹೇಳುವುದಿಷ್ಟು. ಸೋಮವಾರ ನೀನು ಆ ಕಾಗದ ಓದಕೂಡದು. ಕೆಲಸ ಬಿಡಕೂಡದು. ಅಜ್ಜಿ ಹೇಳಿದ್ದಾಳೆ ಎಂದರೆ ಮುಗಿಯಿತು, ಕಾರಣ ಕೇಳಬಾರದು. ನಿನ್ನ ಕೈಯಲ್ಲಿ ಒಳ್ಳೆಯ ಕೆಲಸವಿದೆ, ಅದನ್ನು ನಾನು ಬೆರಳಿಟ್ಟು ನೋಡಿದ್ದೇನೆ. ಪಾಸ್ ಮಾಡಿದ್ದೇನೆ. ಮಯೂರ್‌ನನ್ನು ಕೇಳಿದೆ ಎಂದು ಹೇಳು, ಊಟಕ್ಕೆ ಬರಲಿ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ, ನಿನ್ನ ಕೈಗೆ ಕೆಟ್ಟ ಹೆಸರು ಬಾರದಿರಲಿ. ತಾತನ ಆಶೀರ್ವಾದವೂ ಇದರ ಜೊತೆಗಿದೆ; ಸಹಿ ಹಾಕುತ್ತೇನೆ ಎಂದರು, ಕೈ ನಡುಗುತ್ತದೆಂದು ನಾನೇ ಬೇಡವೆಂದೆ.

ನಿನ್ನ ಅಜ್ಜಿ,
ಭಾಗೀರಥಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ, ಸ್ಟಾಂಪ್ ಹಚ್ಚಿ, ರಸ್ತೆಯ ಕೊನೆಯ ಡಬ್ಬದವರೆಗೆ ಹೋಗಿ ವಾಪಸ್ ಬಂದೆ. ಲಕೋಟೆ ಹರಿದಿದ್ದೇನೆ, ಬೇರೆಯದಕ್ಕೆ ಹಾಕುತ್ತೇನೆ. ಐದು ಗಂಟೆಗೆ ಟಪಾಲು ತೆಗೆಯುತ್ತಾರೆ, ಅಷ್ಟರಲ್ಲಿ ಬರೆದು ಮುಗಿಸಬೇಕು, ಇಲ್ಲದಿದ್ದರೆ ನಾಳೆ ನನಗೆ ಧೈರ್ಯ ಬರುವುದಿಲ್ಲ.

ಆ ಹಸಿರು ಬಟನ್ ನಾನು ಒಂದು ದಿನವೂ ಒತ್ತಿಲ್ಲ. ಹಟ ಮಾಡಿ ಇಡಿಸಿದೆನಲ್ಲ, ಬಂದ ಮೇಲೆ ನನಗೇ ಸರಿಕಾಣಲಿಲ್ಲ. ಕೀಲಿ ತಿರುಗಿಸದೆ ಬೀಗ ಪಾಸ್ ಮಾಡಿದವಳಲ್ಲ ನಾನು. ಇಪ್ಪತ್ತಮೂರು ದಿನವೂ ನಾಲ್ಕೂ ಪ್ರಶ್ನೆ ತೆರೆದೆ, ಕನ್ನಡಕ ಹಾಕಿಕೊಂಡು ಓದಿದೆ, ನಾಲ್ಕಕ್ಕೂ ಸುಳ್ಳು ಹೇಳಿದೆ. ಪಾದದಲ್ಲಿ ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು, ಊತ ಇಲ್ಲ ಎಂದು ಹಾಕಿದೆ. ಕೂತೇ ನಿದ್ದೆ ಮಾಡುತ್ತಿದ್ದರು, ಚೆನ್ನಾಗಿ ಬಂತು ಎಂದು ಹಾಕಿದೆ. ಬೊಂಬೆ ಕೂತ ಮನೆಯ ಮುಂದೆ ಆ್ಯಂಬುಲೆನ್ಸ್ ನಿಲ್ಲಬಾರದು ಎಂದಿತ್ತು. ಹೊಸಿಲಿನಾಚೆ ಮನೆಯ ಕಷ್ಟ ಹೋಗಬಾರದು ಎಂದಿತ್ತು. ಫ್ಯಾಕ್ಟರಿ ಮುಚ್ಚಿ ಮನೆಯಲ್ಲಿ ಇಬ್ಬರಿಗೂ ಕೆಲಸವಿಲ್ಲದ ವರ್ಷವೂ ಊರಿಗೆ ನಾನು ‘ನಾವೆಲ್ಲ ಕ್ಷೇಮ’ ಎಂದೇ ಬರೆದವಳು. ಯಾರು ಹೇಗಿದ್ದೀರಿ ಎಂದು ಕೇಳಿದರೂ ನನ್ನ ಕೈ ತಾನೇ ಆ ಉತ್ತರ ಬರೆಯುತ್ತದೆ. ತಾತ ಒಂದು ದಿನ, ಆಯುಧಪೂಜೆಯ ಬೆಳಿಗ್ಗೆ, ‘ಭಾಗೂ, ನರ್ಸ್‌ಗೆ ಹೇಳಿಬಿಡೋಣವಾ’ ಎಂದರು. ಹಬ್ಬ ಮುಗಿಯಲಿ ಎಂದೆ. ಹಬ್ಬ ಮುಗಿಯಿತು. ಅಷ್ಟು ಹೊತ್ತಿಗೆ, ಇವತ್ತು ನಿಜ ಹೇಳಿದರೆ ಇಷ್ಟು ದಿನ ಹೇಳಿದ್ದು ಸುಳ್ಳೆಂದು ಗೊತ್ತಾಗುತ್ತದಲ್ಲ ಎಂದು ಮತ್ತೆ ಹಸಿರು.

ಕಾರಿಡಾರ್‌ನಲ್ಲಿ ನೀನು ಕೇಳಿದಾಗ ತಲೆಯಾಡಿಸಿದ್ದು ಇಪ್ಪತ್ತನಾಲ್ಕನೆಯ ಸುಳ್ಳು. ಅದೇ ಎಲ್ಲಕ್ಕಿಂತ ದೊಡ್ಡದು. ಯಾವ ದಾರಿಯಿಂದ ಬಂದ ಹಸಿರು, ಬಟನ್ನಿನದೋ ನಾಲ್ಕು ಉತ್ತರದ್ದೋ ಎಂದು ನಿಮ್ಮಲ್ಲಿ ಬರೆದಿಟ್ಟುಕೊಳ್ಳುವುದಿಲ್ಲ ಎಂದು ಅಶ್ವಿನ್ ಹೇಳಿದ. ಹಾಗಾದರೆ ಇದು ಗೊತ್ತಿರುವವಳು ನಾನೊಬ್ಬಳೇ. ಸೋಮವಾರ ನಿನ್ನ ಕಾಗದದ ಬದಲು ಈ ಪುಟ ಓದು. ಮಯೂರ್ ಇಂಗ್ಲಿಷ್ ಮಾಡಿ ಹೇಳಲಿ. ನನ್ನ ಹೆಸರು ಮರೆಸಬೇಡ.

ಇನ್ನೊಂದು. ಗಾಜಿನ ಗೋಡೆಗೆ ಅಂಟಿಸಲು ಚೀಟಿ ಉಳಿದಿದ್ದರೆ ಬರೆದುಕೋ. ಹೇಗಿದ್ದೀರಿ ಎಂದು ನಮ್ಮಂಥವರನ್ನು ಕೇಳಬೇಡ, ನಾವು ಚೆನ್ನಾಗಿದ್ದೇವೆ ಎನ್ನುತ್ತೇವೆ. ನಿನ್ನೆಗಿಂತ ಎಂದೂ ಕೇಳಬೇಡ, ದಿನಕ್ಕೊಂದು ಎಳ್ಳಿನಷ್ಟು ಹೆಚ್ಚಾದರೆ ಕಣ್ಣು ತಪ್ಪಿಸಿಕೊಳ್ಳಬಹುದು. ಚಪ್ಪಲಿ ಕಾಲಿಗೆ ಹತ್ತಿತೇ ಎಂದು ಕೇಳು. ತಲೆಗೆ ಎಷ್ಟು ದಿಂಬು ಇಟ್ಟುಕೊಂಡರು ಎಂದು ಕೇಳು. ಎಷ್ಟನೇ ಮೆಟ್ಟಿಲಿನಲ್ಲಿ ನಿಂತರು ಎಂದು ಕೇಳು. ಮಾನಕ್ಕೆ ಅಂಜಿ ಕ್ಷೇಮದ ವಿಷಯದಲ್ಲಿ ಸುಳ್ಳು ಹೇಳುವವಳು ದಿಂಬಿನ ವಿಷಯದಲ್ಲಿ ಯಾಕೆ ಹೇಳುತ್ತಾಳೆ? ಏಳನೇ ಮೆಟ್ಟಿಲು ಎಂದು ನಾನು ಮೊದಲ ದಿನವೇ ಬರೆದಿರುತ್ತಿದ್ದೆ, ಅದು ಯಾವ ಬಣ್ಣವಾಗುತ್ತದೆಂದು ತಿಳಿಯದೆಯೇ. ನಿನ್ನ ಪರದೆಯಲ್ಲಿ ಅಷ್ಟು ಕುಂದು ಇದೆ, ಅದನ್ನು ಹಿಡಿಯಬೇಕಾದವಳು ಪರೀಕ್ಷೆಗೆ ಕೂತಿದ್ದ ನಾನು. ಎಲ್ಲ ಬಟನ್ ಒತ್ತಿ ನೋಡಿದೆ, ನನ್ನನ್ನು ನೋಡಿಕೊಳ್ಳಲಿಲ್ಲ. ಕೆಲಸ ಬಿಟ್ಟರೆ ಅದನ್ನು ಸರಿ ಮಾಡುವವರು ಯಾರು?

ನಾನು ಯಾರ ಹತ್ತಿರವೂ ಕ್ಷಮೆ ಕೇಳಿದವಳಲ್ಲ, ಹೇಗೆ ಬರೆಯಬೇಕೆಂದು ತಿಳಿಯುತ್ತಿಲ್ಲ. ಬರೆದೆ ಎಂದು ತಿಳಿದುಕೋ. ತಾತನಿಗೆ ಮಧ್ಯಾಹ್ನ ಇದೆಲ್ಲ ಹೇಳಿದೆ. ‘ಗೊತ್ತು ಕಣೇ’ ಎಂದರು, ಅಷ್ಟೇ.

ಇವತ್ತು ಬೆಳಿಗ್ಗೆಯದನ್ನು ನೀನು ಕೇಳದೆಯೇ ಬರೆಯುತ್ತೇನೆ. ದಿಂಬು ಮೂರು. ಎಡಗಾಲಿಗೆ ಚಪ್ಪಲಿ ಹತ್ತಲಿಲ್ಲ. ಮಂಚದಿಂದ ಕಿಟಕಿಯ ಕುರ್ಚಿಗೆ ಬರುವಾಗ ಒಂದು ಸಲ ನಿಂತರು. ನರ್ಸ್‌ಗೆ ನಾನೇ ಫೋನ್ ಮಾಡಿದ್ದೇನೆ, ನಾಳೆ ಹತ್ತು ಗಂಟೆಗೆ ಬರುತ್ತಾಳೆ. ಮೊದಲ ಸಾಲಿನಲ್ಲಿ ನಾವಿಬ್ಬರೂ ಇಲ್ಲಿ ಕ್ಷೇಮ ಎಂದು ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಿ ಓದು.